ಐಇಪಿ ಸಭೆಗೆ ಒಯ್ದ ಕಾಗುಣಿತದ ಪುಸ್ತಕ

ಇಲ್ಲಿ ಅಮೆರಿಕದ ಶಾಲೆಯಲ್ಲಿ ಮಗ ಎರಡನೆಯ ತರಗತಿಯಲ್ಲಿದ್ದಾಗ ಅವನ ಶಿಕ್ಷಕಿ ನನ್ನನ್ನು ಕರೆಸಿ, ಮನೆಯಲ್ಲಿ ಕನ್ನಡ ಮಾತಾಡುವುದನ್ನು ಸ್ವಲ್ಪ ಕಾಲ ನಿಲ್ಲಿಸಿ ನೋಡಿ ಎಂದರು. ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ತರಗತಿಯ ಉಳಿದ ಮಕ್ಕಳು ಪುಟಗಟ್ಟಲೆ ಓದಿಕೊಂಡು ಹೋಗುತ್ತಿದ್ದಾಗ ನನ್ನ ಮಗ ಚಿತ್ರ ನೋಡಿ ಪದ ಊಹಿಸುತ್ತಿದ್ದ. ‘ಪೋನಿ’ ಎಂದು ಅಚ್ಚಾಗಿದ್ದ ಕಡೆ ‘ಹಾರ್ಸ್’ ಎಂದು ಓದಿ ಮುಂದಿನ ಸಾಲಿಗೆ ದಾಟುತ್ತಿದ್ದ. ಎರಡು ಭಾಷೆಗಳ ಭಾರದಿಂದ ಹೀಗಾಗುತ್ತಿರಬಹುದು ಎಂಬುದು ಅವರ ಅನುಮಾನ. ನಾನು ತಲೆಯಾಡಿಸಿ ಮನೆಗೆ ಬಂದೆ.

ಆಗ ಶಿವಮೊಗ್ಗದಿಂದ ಬಂದಿದ್ದ ಅತ್ತೆಯವರು ನಮ್ಮ ಜೊತೆಯಲ್ಲಿದ್ದರು. ಅವರಿಗೆ ಇಂಗ್ಲಿಷ್ ಬಾರದು. ರಾತ್ರಿ ಊಟಕ್ಕೆ ಕುಳಿತಾಗ ನಾವು ಮೂವರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರೆ ಅವರು ಮೊಮ್ಮಗನ ತಟ್ಟೆಗೆ ಸಾರು ಬಡಿಸಿ, ಏನೋ ಹೇಳಲು ಹೋಗಿ, ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು. ಹನ್ನೊಂದು ದಿನ ಹೀಗೆ ನಡೆಯಿತು. ಹನ್ನೆರಡನೆಯ ದಿನ ಮಗನೇ ಅಜ್ಜಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪಿಸುಮಾತಿನಲ್ಲಿ ಕನ್ನಡ ಮಾತಾಡುತ್ತಿದ್ದುದು ಕೇಳಿಸಿತು. ತಪ್ಪು ಮಾಡುತ್ತಿರುವವನಂತೆ ಅವನು ಕನ್ನಡ ಮಾತಾಡುವುದನ್ನು ಕೇಳಿಕೊಂಡು ನನಗೆ ಸುಮ್ಮನಿರಲಾಗಲಿಲ್ಲ.

ನಾನು ಅಂದು ಶಿಕ್ಷಕಿಯ ಎದುರು ಒಂದು ಪ್ರಶ್ನೆಯನ್ನೂ ಕೇಳದೆ ಬಂದದ್ದಕ್ಕೆ ಕಾರಣವಿದೆ. ಮೇಷ್ಟ್ರು ಹೇಳಿದ ಮಾತಿಗೆ ಅಪ್ಪ ಅಮ್ಮ ಎದುರು ನುಡಿದದ್ದನ್ನು ನೋಡದೆ ಬೆಳೆದವರು ನಾವು. ಶಾಲೆಗೆ ಕರೆಸಿದರೆ ಕೈಕಟ್ಟಿ ನಿಂತು, ‘ಆಗಲಿ ಸಾರ್’ ಎಂದು ಬರುವುದೇ ನಮ್ಮ ರೂಢಿ. ಆ ಗೌರವವನ್ನು ನಾನು ಈಗಲೂ ಕಡಿಮೆ ಮಾಡಿಕೊಂಡಿಲ್ಲ. ಆದರೆ ಕಲಿಕೆಯಲ್ಲಿ ತೊಡಕಿರುವ ಮಗುವಿನ ವಿಷಯದಲ್ಲಿ ಇಲ್ಲಿನ ಕಾನೂನು ತಂದೆತಾಯಿಯನ್ನು ಶಿಕ್ಷಕರ ಸರಿಸಮನಾಗಿ ಮೇಜಿನ ಸುತ್ತ ಕೂರಿಸುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ, ಮತ್ತು ಗೊತ್ತಾದ ಮೇಲೂ ಆ ಕುರ್ಚಿಯಲ್ಲಿ ಕೂರುವುದನ್ನು ಕಲಿಯಲು ನನಗೆ ವರ್ಷವೇ ಹಿಡಿಯಿತು.

ದಾರಿ ತೋರಿಸಿದವರು ಉದ್ಯಾನದಲ್ಲಿ ಪರಿಚಯವಾದ ಒಬ್ಬ ತೆಲುಗು ತಾಯಿ. ಅವರ ಹಿರಿಯ ಮಗಳಿಗೆ ಆಟಿಸಂ ಇದೆ. ‘ಬಾಯಲ್ಲಿ ಎಷ್ಟು ಸಲ ಹೇಳಿದರೂ ಗಾಳಿಗೆ ಹೋಗುತ್ತದೆ. ತಾರೀಕು ಹಾಕಿ, ಮಗುವನ್ನು ಪರೀಕ್ಷೆಗೆ ಒಳಪಡಿಸಿ ಎಂದು ಬರೆದು ಕೊಡಿ’ ಎಂದರು. ಅಂದು ರಾತ್ರಿಯೇ ನಾಲ್ಕು ಸಾಲಿನ ಪತ್ರ ಬರೆದೆ. ನಾವಿರುವ ಕ್ಯಾಲಿಫೋರ್ನಿಯಾದಲ್ಲಿ ಅಂಥ ಪತ್ರ ತಲುಪಿದ 15 ದಿನದೊಳಗೆ ಯಾವ ಯಾವ ಪರೀಕ್ಷೆ ಮಾಡುತ್ತೇವೆ ಎಂಬ ಯೋಜನೆಯನ್ನು ಶಾಲೆ ತಂದೆತಾಯಿಗೆ ಕೊಡಬೇಕು. ನಾವು ಒಪ್ಪಿ ಸಹಿ ಹಾಕಿ ಹಿಂತಿರುಗಿಸಿದ ದಿನದಿಂದ 60 ದಿನದೊಳಗೆ, ದೀರ್ಘ ರಜೆಗಳನ್ನು ಬಿಟ್ಟು, ಪರೀಕ್ಷೆ ಮುಗಿಸಿ, ಅದರ ಫಲಿತಾಂಶ ಚರ್ಚಿಸಲು ತಂದೆತಾಯಿಯ ಜೊತೆ ಸಭೆ ಸೇರಬೇಕು. ಅದುವರೆಗೆ ನಾನು ಒಂದೂವರೆ ವರ್ಷ ‘ನೋಡೋಣ, ಕಾಯೋಣ’ ಎಂಬ ಮಾತನ್ನೇ ಕೇಳಿಕೊಂಡು ಬಂದಿದ್ದೆ. ಪತ್ರ ಕೊಟ್ಟ ಹತ್ತನೆಯ ದಿನ ಯೋಜನೆಯ ಹಾಳೆ ನನ್ನ ಕೈಯಲ್ಲಿತ್ತು.

ಈ ಹಕ್ಕು ಸುಮ್ಮನೆ ಬಂದದ್ದಲ್ಲ. 1975ಕ್ಕೆ ಮೊದಲು ಅಮೆರಿಕದಲ್ಲಿ ಅಂಗವೈಕಲ್ಯವಿರುವ ಸುಮಾರು 10 ಲಕ್ಷ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲೇ ತೆರೆದಿರಲಿಲ್ಲ ಎಂದು ಸಂಸತ್ತೇ ದಾಖಲಿಸಿದೆ. ತಂದೆತಾಯಿಯರು ನ್ಯಾಯಾಲಯದ ಮೆಟ್ಟಿಲೇರಿದರು, ಪೆನ್ಸಿಲ್ವೇನಿಯಾದಲ್ಲಿಯೂ ವಾಷಿಂಗ್ಟನ್‌ನಲ್ಲಿಯೂ ಗೆದ್ದರು, ಆ ಗೆಲುವುಗಳ ಬೆನ್ನಿಗೆ 1975ರ ನವೆಂಬರ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾನೂನು ಬಂತು. 1990ರಲ್ಲಿ ಅದಕ್ಕೆ ಐಡಿಇಎ, ಎಂದರೆ ಅಂಗವೈಕಲ್ಯವಿರುವವರ ಶಿಕ್ಷಣ ಕಾಯ್ದೆ, ಎಂಬ ಹೊಸ ಹೆಸರಾಯಿತು. ಅರ್ಹ ಮಗುವಿಗೆ ಸರ್ಕಾರಿ ಶಾಲೆ ಹಣ ಪಡೆಯದೆ, ಅದರ ಅಗತ್ಯಕ್ಕೆ ತಕ್ಕ ಶಿಕ್ಷಣ ಕೊಡಬೇಕು. ಆ ಶಿಕ್ಷಣ ಹೇಗಿರಬೇಕೆಂಬುದನ್ನು ಮಗುವಿಗಾಗಿಯೇ ಬರೆದ ಒಂದು ಯೋಜನೆಯಲ್ಲಿ ದಾಖಲಿಸಬೇಕು. ಆ ಯೋಜನೆಯನ್ನೇ ಎಲ್ಲರೂ ಐಇಪಿ ಎನ್ನುತ್ತಾರೆ. ಕುಟುಂಬದ ವೀಸಾ ಯಾವುದು ಎಂಬ ಪ್ರಶ್ನೆ ಅದರಲ್ಲಿ ಬರುವುದಿಲ್ಲ. ಕೆಲಸದ ವೀಸಾದಲ್ಲಿ ಬಂದವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದ ಮಕ್ಕಳಿಗೆ ಇದು ಸಿಗದು ಎಂದು ತಿಳಿದು ಖಾಸಗಿ ಟ್ಯೂಷನ್‌ಗೆ ಹಣ ಸುರಿಯುತ್ತಿರುವ ಕನ್ನಡದ ಮನೆಗಳನ್ನು ನಾನು ಕಂಡಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪರೀಕ್ಷೆಗಳು ನಾಲ್ಕೈದು ಬೆಳಗ್ಗೆ ನಡೆದವು. ಅವುಗಳಲ್ಲಿ ಒಂದು ನನ್ನ ಕಣ್ಣು ತೆರೆಸಿತು. ಅರ್ಥವೇ ಇಲ್ಲದ, ಪರೀಕ್ಷೆಗೆಂದೇ ಹೆಣೆದ ‘ಪಿಮ್’, ‘ವೋಬ್’ ಎಂಬಂಥ ಪದಗಳನ್ನು ಮಗುವಿನ ಮುಂದಿಟ್ಟು ಓದಿಸುತ್ತಾರೆ. ನಿಜವಾದ ಪದವಾದರೆ ಮಗು ಅದರ ಆಕಾರವನ್ನು ಚಿತ್ರದಂತೆ ನೆನಪಿಟ್ಟುಕೊಂಡು ಹೇಳಿಬಿಡಬಹುದು. ಎಂದೂ ಕಾಣದ ಪದವನ್ನು ಓದಬೇಕಾದರೆ ಅಕ್ಷರದಿಂದ ಧ್ವನಿಯನ್ನು ಬಿಡಿಸಿ ಕೂಡಿಸಲೇಬೇಕು. ನನ್ನ ಮಗ ಅಲ್ಲಿ ನಿಂತುಬಿಟ್ಟ. ‘ಕ್ಯಾಟ್’ ಎಂಬ ಪದದ ಮೊದಲ ಧ್ವನಿಯನ್ನು ತೆಗೆದು ಉಳಿದದ್ದನ್ನು ಹೇಳು ಎಂದರೂ ಅವನಿಗೆ ಆಗಲಿಲ್ಲ. ಅದೇ ಹುಡುಗ, ಯಾರಾದರೂ ಓದಿ ಹೇಳಿದ ಕಥೆಯ ಬಗ್ಗೆ ಪ್ರಶ್ನೆ ಕೇಳಿದರೆ ತನಗಿಂತ ಎರಡು ವರ್ಷ ದೊಡ್ಡ ಮಕ್ಕಳ ಮಟ್ಟದಲ್ಲಿ ಉತ್ತರಿಸಿದ್ದ. ಬುದ್ಧಿಗೆ ಕೊರತೆಯಿಲ್ಲದೆ, ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವುದರಲ್ಲಿಯೇ ತೊಡಕಾಗುವುದು ಡಿಸ್ಲೆಕ್ಸಿಯಾದ ತಿರುಳು.

ಇಷ್ಟಾದರೂ ಭಾಷೆಯ ಪ್ರಶ್ನೆ ಹಾಗೇ ಉಳಿದಿತ್ತು. ಇಂಗ್ಲಿಷ್ ಸಾಕಷ್ಟು ಬಾರದಿರುವುದೇ ಮುಖ್ಯ ಕಾರಣವಾಗಿದ್ದರೆ ಮಗುವಿಗೆ ಕಲಿಕಾ ನ್ಯೂನತೆ ಇದೆ ಎಂದು ನಿರ್ಣಯಿಸಬಾರದು ಎಂದು ಕಾನೂನು ಹೇಳುತ್ತದೆ. ವಲಸಿಗರ ಮಕ್ಕಳನ್ನು ಭಾಷೆಯ ಕಾರಣಕ್ಕೆ ವಿಶೇಷ ತರಗತಿಗಳಿಗೆ ತಳ್ಳುತ್ತಿದ್ದ ಕಾಲವೊಂದಿತ್ತು. ಅದನ್ನು ತಡೆಯಲು ಬಂದ ಈ ನಿಯಮ ಬಹಳ ಅಗತ್ಯವಾದದ್ದು. ಆದರೆ ನಮ್ಮಂಥವರ ಮನೆಯಲ್ಲಿ ಅದು ಕಾಯುವ ನೆಪವಾಗಿಬಿಡುತ್ತದೆ. ಸಭೆಯ ಹಿಂದಿನ ರಾತ್ರಿ ಯೋಚಿಸುತ್ತ ಕುಳಿತಿದ್ದಾಗ, ಅವನು ವಾರಾಂತ್ಯದ ಕನ್ನಡ ಶಾಲೆಗೆ ಒಯ್ಯುತ್ತಿದ್ದ ಚೌಕಳಿಯ ಪುಸ್ತಕ ಕಣ್ಣಿಗೆ ಬಿತ್ತು. ಬಿಚ್ಚಿ ನೋಡಿದೆ. ‘ಕಿ’ ಇರಬೇಕಾದಲ್ಲಿ ‘ಕೆ’, ‘ಕೋ’ ಇರಬೇಕಾದಲ್ಲಿ ‘ಕೂ’. ‘ಅಕ್ಕ’ ಎಂಬುದು ‘ಅಕ’, ‘ಹಳ್ಳಿ’ ಎಂಬುದು ‘ಹಳಿ’. ಒಂದೇ ಪುಟದಲ್ಲಿ ಒಂದೇ ಪದ ಮೂರು ಬಗೆಯಾಗಿತ್ತು. ಎರಡು ವರ್ಷದಿಂದ ಪ್ರತಿ ಭಾನುವಾರ ಅದೇ ಕಾಗುಣಿತವನ್ನು ಅವನು ತಿದ್ದುತ್ತ ಬಂದಿದ್ದ.

ಕನ್ನಡವನ್ನು ಬರೆದಂತೆಯೇ ಓದುತ್ತೇವೆ, ಆದ್ದರಿಂದ ನಮ್ಮ ಭಾಷೆಯಲ್ಲಿ ಡಿಸ್ಲೆಕ್ಸಿಯಾ ಇರುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ನಾನೂ ನಂಬಿದ್ದೆ. ನಮ್ಮ ಲಿಪಿಯಲ್ಲಿ ಒಂದೊಂದು ವ್ಯಂಜನಕ್ಕೂ ಸ್ವರ ಸೇರಿದಂತೆಲ್ಲ ರೂಪ ಬದಲಾಗಿ, ಒತ್ತಕ್ಷರ ಸೇರಿದರೆ ನೂರಾರು ಆಕಾರಗಳಾಗುತ್ತವೆ. ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೂ ಅವೆಲ್ಲ ಕೈವಶವಾಗಲು ನಾಲ್ಕೈದು ವರ್ಷ ಬೇಕಾಗುತ್ತದೆ. ಹೀಗಾಗಿ ಕನ್ನಡದಲ್ಲಿ ಈ ತೊಡಕು ಇಂಗ್ಲಿಷಿನಲ್ಲಿ ಕಂಡಂತೆ ಕಾಣದೆ, ಬಹಳ ನಿಧಾನವಾದ ಓದಾಗಿ, ಕಾಗುಣಿತ ಮತ್ತು ಒತ್ತುಗಳ ಗೊಂದಲವಾಗಿ ಕಾಣಿಸಿಕೊಳ್ಳುತ್ತದೆ, ಮತ್ತು ನಾವು ಅದನ್ನು ಸೋಮಾರಿತನ ಎಂದು ಕರೆದುಬಿಡುತ್ತೇವೆ.

ಸಭೆಯಲ್ಲಿ ಏಳು ಮಂದಿ ಇದ್ದರು: ತರಗತಿಯ ಶಿಕ್ಷಕಿ, ವಿಶೇಷ ಶಿಕ್ಷಣದ ಶಿಕ್ಷಕಿ, ಶಾಲೆಯ ಮನಶ್ಶಾಸ್ತ್ರಜ್ಞೆ, ಮಾತಿನ ಚಿಕಿತ್ಸಕಿ, ಶಾಲಾ ಆಡಳಿತದ ಒಬ್ಬರು, ನಾನು, ನನ್ನವರು. ಮೇಜಿನ ನಡುವೆ ಕಣ್ಣೊರೆಸುವ ಕಾಗದದ ಪೆಟ್ಟಿಗೆಯೊಂದನ್ನು ಇಟ್ಟಿದ್ದರು. ಅದನ್ನು ನೋಡಿದೊಡನೆಯೇ ನನ್ನ ಗಂಟಲು ಕಟ್ಟಿತು. ಮನೆಭಾಷೆಯ ವಿಷಯ ಬಂದಾಗ ನಾನು ಪುಸ್ತಕವನ್ನು ಮನಶ್ಶಾಸ್ತ್ರಜ್ಞೆಯ ಮುಂದೆ ಬಿಚ್ಚಿಟ್ಟು, ‘ಇದು ಅವನು ಹುಟ್ಟಿದಾಗಿನಿಂದ ಕೇಳಿದ ಭಾಷೆ. ಮಾತಿನಲ್ಲಿ ಎಲ್ಲೂ ತಡವರಿಸುವುದಿಲ್ಲ, ಅಜ್ಜಿಯ ಜೊತೆ ಗಂಟೆಗಟ್ಟಲೆ ಹರಟುತ್ತಾನೆ. ಬರಹದಲ್ಲಿ ಮಾತ್ರ ಹೀಗೆ’ ಎಂದು ಸಾಲು ಸಾಲಾಗಿ ತೋರಿಸಿದೆ. ಆಕೆಗೆ ಕನ್ನಡದ ಒಂದಕ್ಷರವೂ ತಿಳಿಯದು. ಆದರೂ ಆಕೆ ಪುಟ ತಿರುಗಿಸುತ್ತ, ಈ ಗುರುತು ಯಾವುದು, ಇಲ್ಲಿ ಬಿಟ್ಟುಹೋದದ್ದು ಯಾವ ಧ್ವನಿ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಎರಡು ಭಾಷೆಗಳಲ್ಲಿಯೂ ಒಂದೇ ಬಗೆಯ ತೊಡಕು ಇದೆಯೆಂದ ಮೇಲೆ ಇಂಗ್ಲಿಷಿನ ಕೊರತೆ ಕಾರಣವಾಗಲಾರದು ಎಂದು ವರದಿಗೆ ಒಂದು ಪ್ಯಾರಾ ಸೇರಿಸಿದರು. ಆರೋಪ ಹೊತ್ತು ಬಂದಿದ್ದ ಕನ್ನಡವೇ ಅಂದು ಅವನ ಪರವಾಗಿ ಸಾಕ್ಷಿ ನುಡಿಯಿತು.

ಎರಡು ಭಾಷೆಗಳನ್ನು ಕೇಳಿ ಬೆಳೆಯುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಮಾತು ತಡವಾಗಿ ಬಂದ ಮಕ್ಕಳಿಗೆ, ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಕೂಡ ಮನೆಭಾಷೆಯಿಂದ ಹಾನಿಯಾಗುತ್ತದೆ ಎಂಬುದನ್ನು ಈವರೆಗಿನ ಅಧ್ಯಯನಗಳು ಒಪ್ಪುವುದಿಲ್ಲ. ಆದರೂ ಹೊರನಾಡಿನ ನಮ್ಮ ಮನೆಗಳಲ್ಲಿ ಮಗುವಿಗೆ ಏನೇ ತೊಂದರೆ ಕಾಣಿಸಲಿ, ಮೊದಲು ಬಲಿಯಾಗುವುದು ಕನ್ನಡ. ತಾಯಿಗೆ ಸಲೀಸಾಗಿ ಬರುವ ಭಾಷೆಯನ್ನು ಕಿತ್ತುಕೊಂಡರೆ, ಅತಿ ಹೆಚ್ಚು ಮಾತು ಬೇಕಾಗಿರುವ ಮಗುವಿಗೆ ಅತಿ ಕಡಿಮೆ ಮಾತು ಸಿಗುತ್ತದೆ.

ಫಲಿತಾಂಶವನ್ನು ಊರಿಗೆ ತಿಳಿಸಿದಾಗ ನನ್ನ ಅಮ್ಮ ಫೋನಿನಲ್ಲಿ, ‘ಇದನ್ನ ಯಾರ ಹತ್ರಾನೂ ಹೇಳ್ಬೇಡ ಮಗಳೇ, ನಾಳೆ ದೊಡ್ಡವನಾದ ಮೇಲೆ ತೊಂದ್ರೆ ಆಗತ್ತೆ’ ಎಂದರು. ಅತ್ತೆಯವರ ಆತಂಕ ಬೇರೆ. ಮಗುವಿಗೆ ಒಂದು ಹೆಸರು ಅಂಟಿಸಿಬಿಟ್ಟರೆ ಅದು ಮನಸ್ಸಿಗೇ ಅಂಟಿಕೊಳ್ಳುವುದಿಲ್ಲವೇ ಎಂದು ಕೇಳಿದರು. ನಾನು ಅವರಿಗೆ ಹೇಳಿದ್ದು ಇಷ್ಟು: ಹೆಸರಿಡುವ ಮೊದಲೂ ಅವನಿಗೆ ಒಂದು ಹೆಸರಿತ್ತು, ದಡ್ಡ ಎಂದು, ಅದನ್ನು ಅವನೇ ತನಗೆ ಇಟ್ಟುಕೊಂಡಿದ್ದ. ಅತ್ತೆ ಆಮೇಲೆ ಆ ಮಾತೆತ್ತಲಿಲ್ಲ.

ಅಂದೇ ಸಹಿ ಹಾಕಬೇಕೆಂಬ ನಿಯಮವಿಲ್ಲ ಎಂದು ಗೊತ್ತಿದ್ದುದರಿಂದ ಯೋಜನೆಯನ್ನು ಮನೆಗೆ ತಂದು ಓದಿದೆವು. ಗುರಿಯೆಂದು ‘ಓದಿನಲ್ಲಿ ಪ್ರಗತಿ ತೋರುವನು’ ಎಂದಷ್ಟೇ ಇತ್ತು. ಹೆಸರಿಗೆ ಒಂದಿಷ್ಟು ಪ್ರಗತಿ ಸಾಲದು, ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿ ಸಾಧ್ಯವಾಗುವಂತೆ ಯೋಜನೆ ಇರಬೇಕು ಎಂದು ಇಲ್ಲಿನ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ, ಕೊಲೊರಾಡೊದ ಆಟಿಸಂ ಇರುವ ಹುಡುಗನೊಬ್ಬನ ಮೊಕದ್ದಮೆಯಲ್ಲಿ, ಒಮ್ಮತದಿಂದ ಹೇಳಿದೆ. ನಾವು ಸಂಖ್ಯೆ ಕೇಳಿದೆವು. ಆಗ ಅವನು ನಿಮಿಷಕ್ಕೆ 22 ಪದ ಓದುತ್ತಿದ್ದ. ವರ್ಷದೊಳಗೆ 60 ಪದ, ಅದಕ್ಕಾಗಿ ವಿಶೇಷ ಪಾಠ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮೂವತ್ತು ನಿಮಿಷ, ಮೂವರಿಗಿಂತ ಹೆಚ್ಚು ಮಕ್ಕಳಿಲ್ಲದ ಗುಂಪಿನಲ್ಲಿ ಎಂದು ತಿದ್ದಿ ಬರೆದ ಮೇಲೆ ಸಹಿ ಹಾಕಿದೆವು. ಒಂದು ವರ್ಷದ ಕೊನೆಗೆ ಅವನು 51ಕ್ಕೆ ಬಂದಿದ್ದ.

ಪಾಠದ ಕೋಣೆಯನ್ನು ಒಮ್ಮೆ ಅತ್ತೆಯವರಿಗೂ ತೋರಿಸಿದೆ. ಶಿಕ್ಷಕಿ ಸಣ್ಣ ತಟ್ಟೆಯಲ್ಲಿ ಮರಳು ಹರಡಿ, ಮಗನ ಬೆರಳಿನಿಂದ ಎರಡು ಅಕ್ಷರಗಳನ್ನು ಬರೆಸುತ್ತ, ಅವು ಸೇರಿ ಆಗುವ ಒಂದೇ ಧ್ವನಿಯನ್ನು ಅವನ ಬಾಯಲ್ಲಿ ಹೇಳಿಸುತ್ತಿದ್ದರು. ಸ್ಯಾಮ್ಯುಯೆಲ್ ಆರ್ಟನ್ ಎಂಬ ವೈದ್ಯರೂ ಆನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿಯೂ ಸುಮಾರು ತೊಂಬತ್ತು ವರ್ಷದ ಹಿಂದೆ ರೂಪಿಸಿದ ಕ್ರಮದಿಂದ ಬೆಳೆದು ಬಂದ ಪಾಠವದು: ಧ್ವನಿಯನ್ನು ಊಹೆಗೆ ಬಿಡದೆ, ಒಂದಾದ ಮೇಲೊಂದರಂತೆ, ನೇರವಾಗಿ, ಮತ್ತೆ ಮತ್ತೆ ಕಲಿಸುವುದು. ಅತ್ತೆ ತುಸು ಹೊತ್ತು ನೋಡಿ, ‘ಶೃಂಗೇರಿಯಲ್ಲಿ ಇವನ ಅಪ್ಪನಿಗೆ ಅಕ್ಷರಾಭ್ಯಾಸ ಮಾಡಿಸಿದಾಗ ಅಕ್ಕಿಯ ಮೇಲೆ ಹೀಗೇ ಬೆರಳು ಹಿಡಿದು ಬರೆಸಿದ್ದರು’ ಎಂದರು. ಮನೆಗೆ ಬಂದ ಮೇಲೆ ದೊಡ್ಡ ತಟ್ಟೆಯಲ್ಲಿ ಅಕ್ಕಿ ಹರಡಿಕೊಂಡು ಮೊಮ್ಮಗನನ್ನು ಕೂರಿಸಿಕೊಂಡರು. ಕ, ಕಾ, ಕಿ, ಕೀ, ದಿನಕ್ಕೆ ನಾಲ್ಕೇ ಅಕ್ಷರ.

ಊರಿನಲ್ಲಿರುವವರು ಇದನ್ನೆಲ್ಲ ಓದಿ, ಅಮೆರಿಕದಲ್ಲಿ ಆಗುತ್ತದೆ, ನಮ್ಮಲ್ಲಿ ಎಲ್ಲಿ ಎಂದುಕೊಳ್ಳಬಾರದೆಂದು ಒಂದು ಮಾತು. 1995ರ ಕಾನೂನಿನಲ್ಲಿ ಇಲ್ಲದಿದ್ದ ನಿರ್ದಿಷ್ಟ ಕಲಿಕಾ ನ್ಯೂನತೆ, ಭಾರತದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೇರಿದೆ. 1965ರಲ್ಲಿ ಆರಂಭವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳನ್ನು ಪರೀಕ್ಷಿಸುವ ತಜ್ಞರಿದ್ದಾರೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕರು ಮುಂತಾದ ರಿಯಾಯಿತಿಗಳನ್ನು ಕೇಳಬಹುದು. ನನ್ನ ತಮ್ಮನ ಮಗಳಿಗೂ ಓದು ಹತ್ತದಿದ್ದಾಗ ನಾನು ಫೋನಿನಲ್ಲಿ ಹೇಳಿದ್ದು ಇದನ್ನೇ: ಟ್ಯೂಷನ್ ಬದಲಿಸುವ ಮೊದಲು ಮೈಸೂರಿಗೆ ಕರೆದುಕೊಂಡು ಹೋಗು, ಶಾಲೆಗೆ ಬರೆದು ಕೊಡು, ಕೊಟ್ಟದ್ದರ ಪ್ರತಿ ಇಟ್ಟುಕೋ. ಅವನು ಹೋಗಿ ಬಂದಿದ್ದಾನೆ.

ಇಲ್ಲಿ ಮೂರು ವರ್ಷಕ್ಕೊಮ್ಮೆ ಮಗುವನ್ನು ಮರುಪರೀಕ್ಷೆ ಮಾಡುತ್ತಾರೆ. ಮಗ ಐದನೆಯ ತರಗತಿಗೆ ಬಂದಾಗ ನಡೆದ ಆ ಸಭೆಗೆ ಅವನನ್ನೂ ಕರೆದರು. ಈಗ ಓದುತ್ತಾನೆ, ನಿಧಾನವಾಗಿ, ಬಹುಮಟ್ಟಿಗೆ ಸರಿಯಾಗಿ. ಕಾಗುಣಿತದ ತಪ್ಪು ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಉಳಿದಿದೆ. ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಅವನು ನನ್ನ ಕಡೆ ನೋಡಲಿಲ್ಲ. ಗಣಿತದ ಪರೀಕ್ಷೆಯಲ್ಲಿ ತನಗೆ ಪ್ರಶ್ನೆ ಓದಿ ಹೇಳುವವರು ತರಗತಿಯ ನಡುವೆ, ಎಲ್ಲರ ಎದುರು ಓದುತ್ತಾರೆ, ಅದು ತನಗೆ ಬೇಡ, ಪಕ್ಕದ ಕೋಣೆ ಬೇಕು ಎಂದ. ವಿಶೇಷ ಶಿಕ್ಷಕಿ ಹಾಳೆ ತಿರುಗಿಸಿ, ಅವನ ಮಾತನ್ನು ಅವನಿಗೇ ಓದಿ ಹೇಳುತ್ತ, ‘ಪ್ರತ್ಯೇಕ ಕೋಣೆಯಲ್ಲಿ’ ಎಂದು ಸೇರಿಸಿದರು.