ಬಿಟ್ಟುಹೋದ ಸಿಗ್ನಲ್‌ಗೂ ಒಂದು ಸಾಲು

ಷೇರು ಕೊಳ್ಳುವ ತಂತ್ರವನ್ನು ಹಳೇ ಬೆಲೆಗಳ ಮೇಲೆ ಓಡಿಸಿ ನೋಡುವ ಬ್ಯಾಕ್‌ಟೆಸ್ಟ್ ಮುಗಿದ ಕೂಡಲೇ ಎಲ್ಲರೂ ಲಾಭ ನೋಡುತ್ತಾರೆ. ನಾನು ಮೊದಲು ನೋಡುವುದು ಕೋಡ್ ಯಾವ ಸಿಗ್ನಲ್, ಅಂದರೆ ಖರೀದಿಯ ಸೂಚನೆ, ಕೈಬಿಟ್ಟಿದೆ ಅಂತ.

ನನ್ನ ನಿಯಮ ಸರಳ. ಷೇರು ಹಿಂದಿನ 20 ದಿನದ ಗರಿಷ್ಠ ಬೆಲೆಗಿಂತ ಮೇಲೆ ಕ್ಲೋಸ್ ಆದರೆ ಮರುದಿನ 9:15ಕ್ಕೆ ಖರೀದಿ. ಒಮ್ಮೆಗೆ ಕೈಯಲ್ಲಿ ಹೆಚ್ಚೆಂದರೆ ಐದು ಕಂಪನಿಗಳ ಷೇರು ಇರಬೇಕು. ಮಾರ್ಕೆಟ್ ಜೋರಾಗಿದ್ದ ದಿನ ಎಂಟು ಹತ್ತು ಸಿಗ್ನಲ್ ಒಟ್ಟಿಗೇ ಬರುತ್ತವೆ, ಖಾಲಿ ಉಳಿದ ಜಾಗ ಮಾತ್ರ ಎರಡು. ಆಗ ಯಾವುದನ್ನು ಆರಿಸೋದು? ಕೋಡಿನಲ್ಲಿ ಷೇರುಗಳನ್ನು ಒಂದೊಂದಾಗಿ ನೋಡುವ ಫಾರ್ ಲೂಪ್ ಸುಮ್ನೆ ಪಟ್ಟಿಯ ಇಂಗ್ಲಿಷ್ ಅಕ್ಷರ ಕ್ರಮದಲ್ಲೇ ಹೋಗುತ್ತದೆ. ಎಬಿಬಿ, ಎಸಿಸಿಗೆ ಯಾವಾಗಲೂ ಸೀಟು, ವಿಪ್ರೋ ಫುಟ್‌ಬೋರ್ಡ್ ಮೇಲೆ! ಅದಕ್ಕೇ ಸಿಗ್ನಲ್ ಬಂದ ದಿನದ ವಹಿವಾಟಿನ ಮೊತ್ತ ಜಾಸ್ತಿ ಇದ್ದದ್ದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಪಟ್ಟಿಯನ್ನು ಕಲಸಿ ಹಲವು ಸಲ ಓಡಿಸಿಯೂ ನೋಡಿ. ಲಾಭ ಪ್ರತಿ ಸಲ ಎಲ್ಲೆಲ್ಲೋ ಹೋದರೆ ಆ ತಂತ್ರವನ್ನು ನಂಬೋದು ಕಷ್ಟ, ಅಲ್ವಾ?

ಅಪ್ಪರ್ ಸರ್ಕ್ಯೂಟ್‌ನಲ್ಲಿ, ಅಂದರೆ ಒಂದು ದಿನಕ್ಕೆ ಬೆಲೆ ಏರಬಹುದಾದ ಮಿತಿಯಲ್ಲಿ, ಲಾಕ್ ಆದ ಷೇರಿಗೆ ಮಾರುವವರೇ ಇರುವುದಿಲ್ಲ. ಖರೀದಿಯ ದಿನದ ಓಪನ್, ಹೈ, ಲೋ, ಕ್ಲೋಸ್ ಬೆಲೆ ನಾಲ್ಕೂ ಒಂದೇ ಇದ್ದರೆ ಖರೀದಿ ಆಗಲಿಲ್ಲ ಎಂದೇ ಬರೆಯುತ್ತೇನೆ.

ಬಿಟ್ಟ ಪ್ರತಿಯೊಂದಕ್ಕೂ ಸಿಎಸ್‌ವಿ ಫೈಲಿನಲ್ಲಿ ಒಂದು ಸಾಲು: ತಾರೀಖು, ಷೇರು, ಕಾರಣ. ‘ಜಾಗ ಇಲ್ಲ’, ‘ಈಗಾಗಲೇ ಇದೆ’, ‘ಸರ್ಕ್ಯೂಟ್’. ಎರಡು ದಿನ ಬಿಟ್ಟು ಜಾಗ ಖಾಲಿಯಾದರೆ ಹಳೇ ಸಿಗ್ನಲ್‌ಗೆ ಜೀವ ಕೊಡಬಹುದಾ? ನಾನಂತೂ ಕೊಡಲ್ಲ. ಬೆಲೆ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ, ಸ್ಟಾಪ್‌ಲಾಸ್ (ನಷ್ಟ ಮಿತಿಗೊಳಿಸಲು ಮಾರುವ ಬೆಲೆ) ಲೆಕ್ಕವೂ ಬೇರೆಯಾಗುತ್ತದೆ.