ಹದಿನಾಲ್ಕು ಮಾತ್ರೆ, ಎರಡು ಉಸಿರು

ಮ್ಯಾಗಜಿನ್‌ಗೆ ಏನಾದರೂ ಬರೆದುಕೊಡಿ ಎಂದು ಕಾಲೇಜಿನಿಂದ ಫೋನ್ ಬಂತು. ‘ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿ’ ಅಂತ ಬೇರೆ ಅಂದರು. ನಗು ಬಂತು. ಈ ಕಾಲೇಜಿನ ಸ್ಟೇಜ್ ಮೊದಲ ಸಲ ಹತ್ತಿದ ದಿನ ನಾನು ಇಳಿದದ್ದು ಹಿಂದಿನ ಮೆಟ್ಟಿಲಿನಿಂದ, ಯಾರಿಗೂ ಮುಖ ತೋರಿಸದೆ.

ಅದು 2011ರ ಕಾಲೇಜ್ ಡೇ. ನಾನು ಎರಡನೇ ವರ್ಷದ ಬಿಎ. ಪ್ರಾರ್ಥನೆ ಆಯಿತು, ಭರತನಾಟ್ಯ ಆಯಿತು, ಸಿನಿಮಾ ಹಾಡಿಗೆ ಗುಂಪು ಡ್ಯಾನ್ಸ್ ಆಯಿತು. ಆಮೇಲೆ ನಾನು, ನನ್ನ ರ‍್ಯಾಪ್, ಅಂದರೆ ತಾಳಕ್ಕೆ ಸರಿಯಾಗಿ ಪ್ರಾಸದ ಮಾತು ಓಡಿಸುವ ಹಾಡು. ಪೆನ್‌ಡ್ರೈವ್‌ನಲ್ಲಿ ಇಂಟರ್‌ನೆಟ್‌ನಿಂದ ಇಳಿಸಿದ ಬೀಟ್, ಅಂದರೆ ಹಿನ್ನೆಲೆಯ ಡ್ರಮ್ ಸಂಗೀತ, ತಲೆ ಮೇಲೆ ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಕೊಂಡ ಟೋಪಿ. ‘ಮಾರ್ಕೆಟ್ಟಿನ ಮುಂದೆ ನಿಂತು ನಾನು ರೈಮು ಕಟ್ಟುವೆ’ ಎಂದು ಶುರು ಮಾಡಿದೆ. ನಾಲ್ಕು ಸಾಲು ಹೋಯಿತು. ಐದನೆಯದಕ್ಕೆ ಉಸಿರು ಸಾಲಲಿಲ್ಲ. ಆರನೆಯದು ಮರೆತೇ ಹೋಯಿತು. ಬೀಟ್ ಮಾತ್ರ ತನ್ನ ಪಾಡಿಗೆ ಓಡುತ್ತಾ ಇತ್ತು. ಹಿಂದಿನ ಸಾಲಿನಿಂದ ಯಾರೋ ‘ಕರೆಂಟ್ ಹೋಯ್ತು ಕಣ್ರೋ’ ಎಂದು ಕೂಗಿದರು.

ಮಾರನೇ ದಿನ ಕನ್ನಡ ಮೇಷ್ಟ್ರು ಸ್ಟಾಫ್ ರೂಮಿಗೆ ಕರೆದರು. ‘ನಿನ್ನೆ ನೀನು ಮಾಡಿದ್ದು ಹಾಡೋ ಹರಾಜೋ?’ ಎಂದರು. ನಾನು ತಲೆ ತಗ್ಗಿಸಿದೆ. ‘ಬರೆದಿದ್ದನ್ನ ತೋರ್ಸು’ ಎಂದರು. ಬಸ್ ಪಾಸಿನ ಅರ್ಜಿಯ ಹಿಂಬದಿಯಲ್ಲಿ ಬರೆದಿದ್ದೆ. ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಸೀಸದಕಡ್ಡಿ ತೆಗೆದು ಒಂದೊಂದು ಅಕ್ಷರದ ಮೇಲೂ ಗುರುತು ಹಾಕುತ್ತಾ ಹೋದರು. ಒಂದು ಮಾತ್ರೆಯ ಲಘುವಿಗೆ ಪುಟ್ಟ ಬಟ್ಟಲು, ಎರಡು ಮಾತ್ರೆಯ ಗುರುವಿಗೆ ಅಡ್ಡಗೆರೆ. ಪಿಯುಸಿಯಲ್ಲಿ ನಾವೆಲ್ಲ ಬೈದುಕೊಂಡು ಕಲಿತಿದ್ದೆವಲ್ಲ, ಅದೇ. ಮೊದಲ ಸಾಲು ಎಣಿಸಿ ಹೇಳಿದರು: ‘ಇಪ್ಪತ್ತೆರಡು ಮಾತ್ರೆ ಕಣಯ್ಯ. ಉಸಿರು ಎಲ್ಲಿ ತಗೋತೀಯ?’ ಆಮೇಲೆ ಭಾಮಿನಿ ಷಟ್ಪದಿ ನೆನಪಿಸಿದರು. ಮೂರು ನಾಲ್ಕು, ಮೂರು ನಾಲ್ಕು. ಚಿಕ್ಕ ಸಾಲಿಗೆ 14. ‘ಹೋಗಿ ಎಣ್ಸು’ ಎಂದು ಕಳಿಸಿದರು.

ಅವರಿಗೆ ರ‍್ಯಾಪ್ ಬಗ್ಗೆ ಏನೂ ಗೊತ್ತಿರಲಿಲ್ಲ. ನನಗೂ ಅಷ್ಟೇನೂ ಗೊತ್ತಿರಲಿಲ್ಲ, ಅದು ಬೇರೆ ಮಾತು. ರಾತ್ರಿ ಊರಿಗೆ ಹೋಗಿ ಕೂತು ಎಣಿಸಿದೆ. ರ‍್ಯಾಪಿನಲ್ಲಿ ಒಂದು ಬಾರ್, ಅಂದರೆ ತಾಳದ ಒಂದು ಸುತ್ತಿಗೆ, ನಾಲ್ಕು ಬೀಟ್, ಅಂದರೆ ನಾಲ್ಕು ಪೆಟ್ಟು. ಒಂದೊಂದು ಬೀಟಿಗೂ ನಾಲ್ಕು ಸಣ್ಣ ಮನೆ. ಒಟ್ಟು 16 ಮನೆ, ಮನೆಗೊಂದು ಮಾತ್ರೆ. ನಿಮಿಷಕ್ಕೆ 90 ಬೀಟಿನ ವೇಗದಲ್ಲಿ ಈ 16 ಮನೆ ಮುಗಿಯಲು ಮೂರು ಸೆಕೆಂಡ್ ಕೂಡ ಬೇಡ. ನಾನು ಅದರೊಳಗೆ 22 ಮಾತ್ರೆ ತುರುಕಿದ್ದೆ. ಪಳಗಿದ ನಾಲಿಗೆ ಇದ್ದವರು ಅದನ್ನೂ ಹೇಳುತ್ತಾರೆ. ನನ್ನದು ಪಳಗಿರಲಿಲ್ಲ. ಅದೇ ಜಾಗಕ್ಕೆ ಭಾಮಿನಿಯ ಸಾಲು ಹಾಕಿದರೆ 14 ಮನೆ ತುಂಬುತ್ತದೆ, ಎರಡು ಮನೆ ಖಾಲಿ ಉಳಿಯುತ್ತದೆ. ಆ ಎರಡು ಮನೆಯೇ ಉಸಿರು!

ಇನ್ನೊಂದು ಮಜಾ ಇದೆ. ಮೂರು ನಾಲ್ಕು ಅಂತ ಹೋಗುವುದರಿಂದ, ಮೊದಲನೆಯದು ಬಿಟ್ಟರೆ, ಪದದ ಒತ್ತು ಡ್ರಮ್ಮಿನ ನೆತ್ತಿ ಮೇಲೆ ಬೀಳುವುದಿಲ್ಲ. ಒಂಚೂರು ಮುಂಚೆ ಬೀಳುತ್ತದೆ. ಕೇಳುವವರ ಕತ್ತು ತಾನಾಗಿ ಆಡುವುದು ಆ ಮುಂಚೆಯಿಂದಲೇ. ಮಂದಾನಿಲ ರಗಳೆಯನ್ನೂ ಹಾಕಿ ನೋಡಿದೆ. ಸಾಲಿಗೆ ಸರಿಯಾಗಿ 16 ಮಾತ್ರೆ, ಬಾರಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಆದರೆ ಎನ್‌ಸಿಸಿ ಪರೇಡ್ ಥರ ಕೇಳುತ್ತದೆ. ಕೊನೆಗೆ ಉಳಿದದ್ದು ಇದು:

ಹೊಲದ ಗೆಡ್ಡೆಗೆ ಬೆಲೆಯ ಕಟ್ಟಲು
ಹಲವು ಕೈಗಳು ಬಂದು ನಿಂತವು

ಎರಡೂ ಸಾಲಿನ ಎರಡನೇ ಅಕ್ಷರ ‘ಲ’. ಆದಿಪ್ರಾಸ. ಮೇಷ್ಟ್ರು ಏನೂ ಹೇಳಲಿಲ್ಲ, ಮೀಸೆ ಸ್ವಲ್ಪ ಅಲ್ಲಾಡಿತು.

ಗೆಡ್ಡೆ ಯಾಕೆ ಬಂತು ಅಂದರೆ, ನಮ್ಮ ಮನೆ ಆಲೂಗಡ್ಡೆಯ ಮನೆ. ಹಾಸನದವರಿಗೆ ಹೇಳಬೇಕಿಲ್ಲ. ಏಪ್ರಿಲ್-ಮೇ ಬಂತೆಂದರೆ ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಗೆಡ್ಡೆಯ ಲಾರಿಗಳು ನಮ್ಮ ಎಪಿಎಂಸಿಗೆ ಬಂದು ನಿಲ್ಲುತ್ತವೆ. ಅಪ್ಪ 50 ಕೆಜಿ ಮೂಟೆ ಬಿಚ್ಚಿಸಿ, ಒಂದು ಗೆಡ್ಡೆ ಹೋಳು ಮಾಡಿ, ಮೂಸಿ ನೋಡಿಯೇ ದುಡ್ಡು ಕೊಡುತ್ತಿದ್ದರು. ಮಳೆ ಹದವಾಗಿದ್ದರೆ ಮೂರು ತಿಂಗಳಿಗೆ ಬೆಳೆ. ಜಾಸ್ತಿಯಾದರೆ ಅಂಗಮಾರಿ ಬಂದು ಎಲೆ ಕಪ್ಪಾಗಿ, ಒಂದು ವಾರಕ್ಕೆ ಹೊಲವೇ ಸುಟ್ಟ ಹಾಗೆ ಆಗುತ್ತಿತ್ತು. ಬೆಳೆ ಕೈಗೆ ಬಂದ ವರ್ಷ ಅಪ್ಪನ ಜೊತೆ ನಾನೂ ಹರಾಜಿಗೆ ಹೋಗುತ್ತಿದ್ದೆ. ಅಲ್ಲಿ ರೇಟ್ ಕೂಗುವವರು ಒಂದೇ ಉಸಿರಿಗೆ ಹತ್ತು ರೇಟ್ ಹೇಳಿ, ಸರಿಯಾದ ಜಾಗದಲ್ಲಿ ಗಕ್ಕನೆ ನಿಲ್ಲಿಸುತ್ತಿದ್ದರು. ಮೇಷ್ಟ್ರು ಬೈಯುವುದಕ್ಕೆ ಹರಾಜು ಎಂದಿದ್ದರು. ನನಗೆ ಈಗಲೂ ಅದು ಹೊಗಳಿಕೆ ಅನಿಸುತ್ತದೆ.

ರ‍್ಯಾಪ್ ಬೆಳೆದ ಹಿಪ್ ಹಾಪ್ ಎಂಬ ಸಂಗೀತ ಹುಟ್ಟಿದ್ದೂ ದುಡ್ಡಿದ್ದವರ ಮನೆಯಲ್ಲಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಒಂದು ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ, ಡಿಜೆ ಕೂಲ್ ಹರ್ಕ್ ಎಂಬ ಹುಡುಗ ತಂಗಿಯ ಜೊತೆ ಸೇರಿ ಪಾರ್ಟಿ ಇಟ್ಟ. ಹಾಡಿನ ನಡುವೆ ಬರೀ ಡ್ರಮ್ ಬರುವ ಜಾಗಕ್ಕೆ ಜನ ಜಾಸ್ತಿ ಕುಣಿಯುತ್ತಾರೆ ಎಂದು ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ಜಾಗವನ್ನೇ ಎಳೆದ. ಆಮೇಲಿನದ್ದೆಲ್ಲ ಅಲ್ಲಿಂದಲೇ ಬೆಳೆದದ್ದು.

ಡಿಗ್ರಿ ಮುಗಿಸಿ 2012ರಲ್ಲಿ ಬೆಂಗಳೂರಿಗೆ ಹೋದೆ. ರಾತ್ರಿ ಕಾಲ್ ಸೆಂಟರ್, ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಹುಡುಗರ ಜೊತೆ ಸೈಫರ್. ಸೈಫರ್ ಅಂದರೆ ಸುತ್ತ ನಿಂತು ಸರದಿ ಪ್ರಕಾರ ರ‍್ಯಾಪ್ ಮಾಡುವುದು. ನಮ್ಮೂರ ಕಡೆ ಒಬ್ಬರ ಪದಕ್ಕೆ ಇನ್ನೊಬ್ಬರು ಪದ ಕಟ್ಟುತ್ತಾರಲ್ಲ, ಹಾಗೆ. ಸ್ಟುಡಿಯೋಗೆ ದುಡ್ಡಿರಲಿಲ್ಲ. ರೆಕಾರ್ಡಿಂಗ್ ಮಾಡಿದ್ದೆಲ್ಲ ಊರಿನ ಮನೆಯಲ್ಲಿ, ರಾಗಿ ಮೂಟೆ ಇಡುವ ಕೋಣೆಯಲ್ಲಿ. ಮೂಟೆಗಳು ಸದ್ದು ಕುಡಿಯುತ್ತವೆ, ಗೋಡೆಗೆ ಬಡಿದು ವಾಪಸ್ ಬರಲು ಬಿಡುವುದಿಲ್ಲ. ತಲೆ ಮೇಲೆ ಕಂಬಳಿ. ‘ಪ’, ‘ಬ’ ಬಂದಾಗ ಗಾಳಿ ಮೈಕಿಗೆ ಬಡಿಯದ ಹಾಗೆ ಅವ್ವನ ಬಳೆಗೆ ಹಳೇ ಕಾಲುಚೀಲ ಬಿಗಿದು ಮುಂದೆ ಕಟ್ಟಿದ್ದೆ. ಮೊದಲ ಹಾಡಿನ ಎರಡನೇ ಚರಣದಲ್ಲಿ ಕಿವಿಗೊಟ್ಟು ಕೇಳಿದರೆ ಕುಕ್ಕರ್ ಕೂಗುವುದು ಕೇಳುತ್ತದೆ. ‘ಯಾರ್ ಜೊತೆ ಜಗಳ ಆಡ್ತಿದ್ದೀಯ ಒಳಗೆ’ ಎಂದು ಅವ್ವ ಕೇಳಿದ್ದು ಮಾತ್ರ ಕತ್ತರಿಸಿದೆ. ಈಗ ಅನಿಸುತ್ತದೆ, ಅದನ್ನೇ ಇಟ್ಟುಕೊಳ್ಳಬೇಕಿತ್ತು.

2013ರಲ್ಲಿ ಲಾಸ್ ಏಂಜಲೀಸ್‌ನ ರ‍್ಯಾಪರ್ ನಿಪ್ಸಿ ಹಸಲ್ ತನ್ನ ಹಾಡುಗಳನ್ನು ನೆಟ್‌ನಲ್ಲಿ ಸುಮ್ನೆ ಕೊಟ್ಟು, ಅದೇ ಹಾಡುಗಳ ಸಿಡಿಗೆ 100 ಡಾಲರ್ ಇಟ್ಟು 1,000 ಪ್ರತಿ ಮಾರಿದ. ದೊಡ್ಡ ರ‍್ಯಾಪರ್ ಜೇ-ಝಡ್ ಒಬ್ಬರೇ 100 ಕೊಂಡರು. ಯಾವ ಕಂಪನಿಯ ಹಂಗೂ ಇಲ್ಲದೆ ಇಷ್ಟು ಮಾಡಬಹುದಾ ಎಂದು ನನಗೂ ಹುರುಪು ಬಂತು. 50 ಸಿಡಿ ಬರ್ನ್ ಮಾಡಿಸಿ, ಡಾಲರ್ ಜಾಗದಲ್ಲಿ ರೂಪಾಯಿ ಇಟ್ಟು, 100 ರೂಪಾಯಿ ಚೀಟಿ ಅಂಟಿಸಿ ಹಾಸನಕ್ಕೆ ಬಂದೆ. ಮಾರಾಟ ಆದದ್ದು 11. ಅದರಲ್ಲಿ ಒಂದು ಮೇಷ್ಟ್ರು ತಗೊಂಡರು. ಅವರ ಮನೆಯಲ್ಲಿ ಸಿಡಿ ಪ್ಲೇಯರ್ ಇರಲಿಲ್ಲ. ಉಳಿದ 39ರಲ್ಲಿ ಕೆಲವನ್ನು ಅಪ್ಪ ಹಕ್ಕಿ ಓಡಿಸಲು ಹೊಲದಲ್ಲಿ ನೇತುಹಾಕಿದರು. ಚೆನ್ನಾಗಿ ಹೊಳೆಯುತ್ತಿದ್ದವು.

ಈಗ ಓದುತ್ತಿರುವ ಹುಡುಗ ಹುಡುಗಿಯರಲ್ಲಿ ಯಾರಾದರೂ ಈ ದಾರಿ ಹಿಡಿದಿದ್ದರೆ ಒಂದು ಪೆಟ್ಟಿನ ಕತೆ ಹೇಳುತ್ತೇನೆ. ‘ಫ್ರೀ’ ಎಂದು ಬರೆದಿದ್ದ ಬೀಟಿಗೆ ಹಾಡು ಮಾಡಿ ನೆಟ್‌ನಲ್ಲಿ ಬಿಟ್ಟೆ. ಜನ ಕೇಳತೊಡಗಿದ ಹೊತ್ತಿಗೇ ಹಾಡು ಮಾಯ. ಆ ಫ್ರೀ ಅಂದರೆ ದುಡ್ಡು ಮಾಡದೆ ಬಳಸಿದರೆ ಫ್ರೀ ಅಂತೆ. ಕೆಳಗೆ ಸಣ್ಣಕ್ಷರದಲ್ಲಿ ಇತ್ತು, ನಾನು ಓದಿರಲಿಲ್ಲ. ಅಪ್ಪ ಗೆಡ್ಡೆ ಮೂಸಿ ನೋಡುತ್ತಿದ್ದರಲ್ಲ, ನನಗೆ ಆ ಬುದ್ಧಿ ಇರಲಿಲ್ಲ. ಈಗ ದುಡ್ಡು ಕೊಟ್ಟು ಲೀಸ್ ಬರೆಸಿಕೊಳ್ಳುತ್ತೇನೆ, ಇಲ್ಲವೇ ನಾನೇ ಬೀಟ್ ಕಟ್ಟುತ್ತೇನೆ. ಒಂದೊಂದು ಹಾಡಿಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ನಂಬರ್ ಇರುತ್ತದೆ, ಜಮೀನಿಗೆ ಸರ್ವೆ ನಂಬರ್ ಇದ್ದ ಹಾಗೆ. ಬರೆದಿಟ್ಟುಕೊಳ್ಳಿ. ಸಾಹಿತ್ಯ ಬರೆಯುವವರು, ರಾಯಲ್ಟಿ ವಸೂಲಿ ಮಾಡಿಕೊಡುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯರಾಗಿ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿ ಆದಮೇಲೆ ಹಾಡು ಬರೆದವರ ರಾಯಲ್ಟಿ ಪಾಲನ್ನು ಯಾರೂ ಪೂರ್ತಿ ಬರೆಸಿಕೊಂಡು ಹೋಗುವ ಹಾಗಿಲ್ಲ.

ದುಡ್ಡಿನ ವಿಷಯ ಕೇಳಬೇಡಿ. ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಲೆಕ್ಕ. 2024ರಿಂದ ವರ್ಷಕ್ಕೆ 1,000 ಸಲ ಕೇಳದ ಹಾಡಿಗೆ ಪೈಸೆಯೂ ಇಲ್ಲ. ನನ್ನ ಅರ್ಧ ಹಾಡು ಆ ಗೆರೆಯ ಕೆಳಗೇ ಇವೆ. ಹೊಟ್ಟೆಗೆ ಆಗುವುದು ಶೋಗಳಿಂದ, ಆಮೇಲೆ ಬೇರೆಯವರ ಹಾಡು ಮಿಕ್ಸ್ ಮಾಡಿಕೊಡುವುದರಿಂದ. ಊರಲ್ಲಿ ಶೋ ಸಿಗುವುದಂತೂ ಹಾಸನಾಂಬೆ ಬಾಗಿಲು ತೆಗೆದ ಹಾಗೆ, ವರ್ಷಕ್ಕೊಮ್ಮೆ. ರ‍್ಯಾಪರ್ ಚಂದನ್ ಶೆಟ್ಟಿ ನಮ್ಮ ಜಿಲ್ಲೆಯವರೇ ಅಲ್ವಾ, 2018ರಲ್ಲಿ ಅವರು ಬಿಗ್ ಬಾಸ್ ಗೆದ್ದಮೇಲೆ ನೆಂಟರ ಮದುವೆಗೆ ಹೋಗುವುದೇ ಕಷ್ಟ ಆಯಿತು. ‘ನೀನ್ ಯಾವಾಗ್ಲಾ ಬಿಗ್ ಬಾಸಿಗೆ ಹೋಗೋದು?’ ಪಾಯಸದ ಜೊತೆ ಈ ಪ್ರಶ್ನೆಯನ್ನೂ ಬಡಿಸುತ್ತಿದ್ದರು. ಆದರೂ ಚಂದನ್ ಅವರಿಂದ ಒಂದು ಉಪಕಾರ ಆಯಿತು. ರ‍್ಯಾಪ್ ಅಂದರೆ ಏನು ಎಂದು ಅಪ್ಪನಿಗೆ ವಿವರಿಸುವುದು ತಪ್ಪಿತು.

ಈ ಸಲದ ಕಾಲೇಜ್ ಡೇಗೆ ಕರೆದಿದ್ದರು. ಮೇಷ್ಟ್ರು ರಿಟೈರ್ ಆಗಿ ವರ್ಷಗಳಾಗಿವೆ, ಆದರೂ ಬಂದಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಬಟ್ಟೆ ಚೀಲದಿಂದ ಸಿಡಿ ತೆಗೆದರು. 100 ರೂಪಾಯಿ ಚೀಟಿ ಹಾಗೇ ಇತ್ತು. ‘ಇದನ್ನ ಎಲ್ಲಿ ಹಾಕಿ ಕೇಳೋದಯ್ಯಾ?’ ಎಂದರು. ಕಂಪ್ಯೂಟರ್ ಲ್ಯಾಬಿಗೆ ಹೋದೆವು, ಯಾವುದರಲ್ಲೂ ಸಿಡಿ ಹಾಕುವ ಜಾಗ ಇಲ್ಲ. ಆಫೀಸಿನಲ್ಲೂ ಇಲ್ಲ. ಕೊನೆಗೆ ಮೈಕ್ ಸೆಟ್‌ನವರ ಹಳೇ ಕಾರಿನಲ್ಲಿ ಸಿಡಿ ಪ್ಲೇಯರ್ ಸಿಕ್ಕಿತು. ಮೂವರೂ ಕೂತು ಗಾಜು ಏರಿಸಿದೆವು. ಸಿಡಿ ಕರಕರ ಎಂದು ತಿರುಗಿ ಹಾಡು ಬಂತು. ಮೇಷ್ಟ್ರು ಕಣ್ಣು ಮುಚ್ಚಿ, ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತರು. ಕುಕ್ಕರ್ ಕೂಗಿತು. ಅದು ದಾಟಿ ಎರಡು ಸಾಲಿಗೆ ಹೆಬ್ಬೆರಳು ನಿಂತಿತು.

‘ಇಲ್ಲಿ ಎರಡು ಜಾಸ್ತಿ.’