ಅಲ್ಲ, ಇಲ್ಲ ಮತ್ತು ಒಂದು ಬಟರ್ ಫ್ರೂಟ್

ಮ್ಯಾಡ್ರಿಡ್‌ಗೆ ಬಂದು ಆರು ತಿಂಗಳಾಗಿತ್ತು. ಸಂಜೆಯ ಸ್ಪ್ಯಾನಿಶ್ ಕ್ಲಾಸಿನಲ್ಲಿ ಮನೆಯವರ ಬಗ್ಗೆ ಮಾತಾಡುತ್ತಾ, ತಾತ ತೀರಿಕೊಂಡಿದ್ದಾರೆ ಅನ್ನೋದಕ್ಕೆ ‘ಎಸ್ ಮ್ವೆರ್ತೊ’ ಅಂದೆ. ಟೀಚರ್ ಮೆಲ್ಲಗೆ ತಿದ್ದಿದರು: ‘ಎಸ್ತಾ ಮ್ವೆರ್ತೊ’.

ನನಗೆ ಸಿಟ್ಟೇ ಬಂತು. ಈ ಭಾಷೆಯಲ್ಲಿ ‘ಇರು’ ಅನ್ನೋದಕ್ಕೆ ಎರಡು ಕ್ರಿಯಾಪದ, ಸೆರ್ ಮತ್ತು ಎಸ್ತಾರ್. ನಾನಂದ ‘ಎಸ್’ ಸೆರ್‌ನ ರೂಪ, ಟೀಚರ್ ಅಂದ ‘ಎಸ್ತಾ’ ಎಸ್ತಾರ್‌ನದು. ಕಾಯಂ ಆಗಿರುವುದಕ್ಕೆ ಸೆರ್, ಸದ್ಯಕ್ಕಷ್ಟೇ ಇರುವುದಕ್ಕೆ ಎಸ್ತಾರ್ ಅಂತ ನನ್ನ ಇಂಗ್ಲಿಷ್ ಪುಸ್ತಕ ಹೇಳಿತ್ತು. ಸಾವಿಗಿಂತ ಕಾಯಂ ಇನ್ನೇನಿದೆ? ಮ್ಯಾಡ್ರಿಡ್ ಸ್ಪೇನಿನಲ್ಲಿದೆ ಅನ್ನೋದಕ್ಕೂ ಎಸ್ತಾರೇ. ಊರೇನು ನಾಳೆ ಎದ್ದು ಹೋಗುತ್ತಾ?

ಗಂಟು ಬಿಚ್ಚಿದ್ದು ಹಣ್ಣಿನಂಗಡಿಯಲ್ಲಿ. ಬಟರ್ ಫ್ರೂಟ್ ಒಂದನ್ನು ಎತ್ತಿಕೊಂಡೆ. ಅಂಗಡಿಯವನು ನನ್ನ ಕೈಯಿಂದ ವಾಪಸ್ ತಗೊಂಡು, ಹೆಬ್ಬೆರಳಲ್ಲಿ ಒತ್ತಿ, ‘ಎಸ್ತಾ ಬೆರ್ದೆ’ ಅಂದ. ಬೆರ್ದೆ ಅಂದರೆ ಹಸಿರು. ಹಸಿರು ಅಂತ ನನಗೂ ಕಾಣ್ತಿದೆಯಲ್ಲ ಮಾರಾಯ ಅಂದುಕೊಂಡೆ. ಅವನು ಇನ್ನೊಂದು ತೆಗೆದುಕೊಟ್ಟ. ಅದೂ ಹಸಿರೇ, ಆದರೆ ಮೆತ್ತಗಿತ್ತು. ‘ಎಸ್ ಬೆರ್ದೆ, ಪೆರೊ ಎಸ್ತಾ ಮದೂರೊ’ ಅಂದ. ಬಣ್ಣ ಹಸಿರು, ಆದರೆ ಹಣ್ಣಾಗಿದೆ.

ಚೀಲ ಹಿಡಿದು ನಡೆಯುವಾಗ ಅದನ್ನೇ ಕನ್ನಡದಲ್ಲಿ ಹೇಳಿಕೊಂಡೆ. ಮೊದಲನೆಯದು ಇನ್ನೂ ಹಣ್ಣಾಗಿಲ್ಲ. ‘ಇಲ್ಲ’! ‘ಅಲ್ಲ’ ಅಲ್ಲ! ಫುಟ್‌ಪಾತ್ ಮೇಲೆ ನಿಂತೇ ಬಿಟ್ಟೆ.

ಅವರು ಡಾಕ್ಟರ್ ಅಲ್ಲ: ಸೆರ್. ಅವರು ಮನೇಲಿ ಇಲ್ಲ: ಎಸ್ತಾರ್. ಹುಷಾರಿಲ್ಲ, ಕಾಫಿ ಬಿಸಿಯಾಗಿಲ್ಲ, ಮದುವೆಯಾಗಿಲ್ಲ, ಎಲ್ಲಾ ಎಸ್ತಾರ್. ತಾತ ಹೋದದ್ದೂ ಹಾಗೇ, ಆಗಿಹೋದದ್ದು. ಸ್ಥಳ ಹೇಳೋದಕ್ಕೆ ಎಸ್ತಾರ್, ಆದರೆ ಸಮಾರಂಭ ಎಲ್ಲಿ ಅನ್ನೋದಕ್ಕೆ ಮಾತ್ರ ಸೆರ್ ಅಂತ ಪುಸ್ತಕದಲ್ಲಿ ಒಂದು ವಿನಾಯಿತಿ ಇದೆ. ನಾವೂ ‘ಮದುವೆ ಮನೇಲಿ ಅಲ್ಲ, ಛತ್ರದಲ್ಲಿ’ ಅಂತೀವಿ ಅಲ್ವಾ? ಎಲ್ಲ ಕಡೆ ಇದು ನಡೆಯೋದಿಲ್ಲ. ‘ಅವನು ಅಷ್ಟು ಎತ್ತರ ಇಲ್ಲ’ ಅನ್ನೋದಕ್ಕೆ ಇಲ್ಲಿ ಸೆರ್ ಬೇಕು. ಆದರೂ ಪುಸ್ತಕದ ಸೂತ್ರಕ್ಕಿಂತ ಜಾಸ್ತಿ ಸಲ ಕೈ ಹಿಡಿದಿದೆ.

ಆಮೇಲೆ ನೋಡಿದರೆ ಇಂಥವು ಇನ್ನೂ ಇವೆ. ‘ಮೆ ಗುಸ್ತಾ ಎಲ್ ಕಫೆ’ ಅನ್ನೋದನ್ನು ಅರಗಿಸಿಕೊಳ್ಳಲು ಇಂಗ್ಲಿಷಿನವರು ವಾರಗಟ್ಟಲೆ ಒದ್ದಾಡಿದರು. ನಮಗೆ ಅದು ಸೀದಾ ‘ನನಗೆ ಕಾಫಿ ಇಷ್ಟ’. ‘ಮೆ ದ್ವೆಲೆ ಲಾ ಕಬೇಸಾ’ ಅಂದರೆ ನನಗೆ ತಲೆ ನೋಯುತ್ತಿದೆ. ಮೇಜು ಹೆಣ್ಣು, ಪುಸ್ತಕ ಗಂಡು ಅನ್ನೋದಕ್ಕೆ ಮಾತ್ರ ಕನ್ನಡ ಉಪಯೋಗಕ್ಕೆ ಬರೋದಿಲ್ಲ. ನಮಗೆ ಎರಡೂ ‘ಅದು’. ಬಾಯಿಪಾಠವೇ ಗತಿ.

ನನಗೆ ಇವತ್ತಿಗೂ ಕಷ್ಟ ಆಗಿರೋದು ನೀನು-ನೀವು. ಇಲ್ಲೂ ಎರಡಿವೆ, ತೂ ಮತ್ತು ಉಸ್ತೆದ್. ಮೇಲಿನ ಮನೆಯ ಅಜ್ಜಿಗೆ ಎಪ್ಪತ್ತು ದಾಟಿದೆ. ಲಿಫ್ಟಿನಲ್ಲಿ ಮರ್ಯಾದೆಯಿಂದ ಉಸ್ತೆದ್ ಅಂದರೆ, ‘ಹಾಗನ್ನಬೇಡ, ನನ್ನನ್ನು ಮುದುಕಿ ಮಾಡ್ತೀಯ’ ಅಂತ ಗದರಿದರು. ಸ್ಪೇನಿನಲ್ಲಿ ಈಗ ಹೆಚ್ಚಾಗಿ ತೂ. ಆದರೆ ಅಜ್ಜಿಯ ವಯಸ್ಸಿನವರಿಗೆ ‘ನೀನು’ ಅನ್ನೋಕೆ ನಾಲಿಗೆ ಹೊರಳಬೇಕಲ್ಲ? ಸರ್ವನಾಮ ಬಿಟ್ಟು ತಪ್ಪಿಸಿಕೊಳ್ಳೋಣ ಅಂದರೆ, ಕನ್ನಡದ ಹಾಗೆ ಕ್ರಿಯಾಪದದ ಬಾಲವೇ ಎಲ್ಲ ಹೇಳಿಬಿಡುತ್ತದೆ.

ಊರಲ್ಲಿ ಹೊಸಬರಿಗೆ ನೀನು ಅನ್ನಬೇಕೋ ನೀವು ಅನ್ನಬೇಕೋ ಗೊತ್ತಾಗದಿದ್ದರೆ ‘ಊಟ ಆಯ್ತಾ?’ ಅಂತ ಕೇಳಿ ಪಾರಾಗ್ತೀವಲ್ಲ, ಇಲ್ಲಿ ಅದಕ್ಕೆ ‘ಕೆ ತಾಲ್?’ ಅನ್ನೋದಿದೆ. ಏನ್ ಸಮಾಚಾರ ಅಂದಹಾಗೆ. ನೀನೂ ಇಲ್ಲ, ನೀವೂ ಇಲ್ಲ. ನಾಲ್ಕನೇ ಮಹಡಿವರೆಗೆ ಅಷ್ಟು ಸಾಕು.